ಸೀತನಿ ಮತ್ತು ಪೊಂಕ್

ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಘದ ಸಂಪಾದಕರು ಕೇಳಿದಾಗ, ಅಡಿಗೆಯ ಬಗ್ಗೆ ಬರೆಯುತ್ತೇನೆಂದು ಒಪ್ಪಿಕೊಂಡಿದ್ದೆ. ಸೂರತ್ತಿನ ಚಳಿಗಾಲದ ಪೊಂಕ್ ಮತ್ತು ನಮ್ಮ ಧಾರವಾಡದ ಸೀತನಿ ಎರಡೂ ಒಂದೇ, ಎಳೆಯ ಜೋಳದ ತೆನೆ ಸುಟ್ಟು ಬಡಿದ ಹಸಿರು ಕಾಳು ಎಂಬುದು ವಿಷಯ. ಇಲ್ಲಿಯವರು ಲಿಂಬೆ, ಮೆಣಸಿನ ಸೇವ್ ಹಾಕಿ ತಿನ್ನುತ್ತಾರೆ, ನಾವು ಬೆಲ್ಲ, ಕೊಬ್ಬರಿ, ಶೇಂಗಾ ಚಟ್ನಿ ಎನ್ನುತ್ತೇವೆ. ಅರ್ಧ ಪುಟ ಬರೆಯುವಷ್ಟರಲ್ಲಿ ನನ್ನ ಲೇಖನಿ ಮಗಳ ಕಡೆಗೆ ಹೊರಳಿತು. ನಮ್ಮ ಮನೆಯಲ್ಲಿ ಸೀತನಿಯ ಮಾತು ಬಂದರೆ ಪುಟ್ಟಿಯ ಮಾತು ಬಾರದೇ ಇರುವುದಿಲ್ಲ. ಆದ್ದರಿಂದ ಅಡಿಗೆಯ ಲೇಖನ ಮುಂದಿನ ವರ್ಷಕ್ಕೆ ಇರಲಿ. ಸಂಪಾದಕರೂ ಓದುಗರೂ ಮನ್ನಿಸಬೇಕು.

ನಾವು ಸಚಿನ್‌ಗೆ ಬಂದದ್ದು 1989ರಲ್ಲಿ. ಊರಿನ ಹೆಸರು ಕೇಳಿದವರೆಲ್ಲ ಕ್ರಿಕೆಟ್ ಆಟಗಾರನನ್ನು ನೆನೆದು ನಗುತ್ತಾರೆ. ಊರೇನೋ ಹಳೆಯದು. ಆಫ್ರಿಕಾ ಮೂಲದ ಸಿದ್ದಿ ನವಾಬರು 1791ರಿಂದ 1948ರವರೆಗೆ ಆಳಿದ ಪುಟ್ಟ ಸಂಸ್ಥಾನ ಇದು. ಹಳಿಯಾಳ, ಯಲ್ಲಾಪುರದ ಕಾಡಿನಲ್ಲಿ ಸಿದ್ದಿಗಳನ್ನು ಕಂಡಿದ್ದ ನನಗೆ, ಇಲ್ಲಿ ಅವರೇ ರಾಜರಾಗಿದ್ದರು ಎಂದು ಕೇಳಿ ಬಹಳ ಸಂತೋಷವಾಗಿತ್ತು. ನಮ್ಮ ಮನೆಯವರು ಕರ್ನಾಟಕ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, ಇಲ್ಲಿಯ ಜಿ.ಐ.ಡಿ.ಸಿ.ಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರ ಲ್ಯಾಬಿಗೆ ಸೇರಿದ್ದರು. ಸ್ಟೇಷನ್ ಬಳಿ ಎರಡು ಕೋಣೆಯ ಮನೆ. 1991ರಲ್ಲಿ ಮಗ ಹುಟ್ಟಿದ, 1994ರ ಫೆಬ್ರವರಿಯಲ್ಲಿ ಪುಟ್ಟಿ.

ಆ ವರ್ಷ ಸೆಪ್ಟೆಂಬರಿನಲ್ಲಿ ಸೂರತ್ತಿಗೆ ಪ್ಲೇಗ್ ಬಂತು. ಹಳೆಯ ಸದಸ್ಯರಿಗೆ ನೆನಪಿರಬಹುದು, ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ಊರು ಬಿಟ್ಟರು. ನಾವೂ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಎರಡು ಮಕ್ಕಳೊಂದಿಗೆ ಮುಂಬಯಿಯ ಗಾಡಿ ಹತ್ತಿ, ಅಲ್ಲಿಂದ ಹೇಗೋ ಧಾರವಾಡ ಸೇರಿದೆವು. ಏಳು ತಿಂಗಳ ಕೂಸು ಇನ್ನೂ ಕತ್ತು ಸರಿಯಾಗಿ ನಿಲ್ಲಿಸುತ್ತಿರಲಿಲ್ಲ. ನಮಗೆ ಪ್ಲೇಗಿನ ಚಿಂತೆ. ಅವ್ವನಿಗೆ ಬೇರೆ ಚಿಂತೆ. ಆಕೆ ಕೂಸಿಗೆ ಎಣ್ಣೆ ಹಚ್ಚುತ್ತ, “ಈಕಿ ಮೈ ಭಾಳ ಸಡ್ಲ ಐತಿ, ತೋರಸ್ರಿ” ಎಂದಳು. ಹುಬ್ಬಳ್ಳಿಯಲ್ಲಿ ಮಕ್ಕಳ ಡಾಕ್ಟರು ಕಣ್ಣು ನೋಡಿದರು, ಅಂಗೈಯ ಒಂದೇ ಅಡ್ಡಗೆರೆ ನೋಡಿದರು, ಹೃದಯ ಆಲಿಸಿದರು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಡೌನ್ ಸಿಂಡ್ರೋಮ್ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಮನುಷ್ಯನ ಪ್ರತಿ ಜೀವಕೋಶದಲ್ಲಿ 46 ಕ್ರೋಮೋಸೋಮ್ ಇರುತ್ತವೆ. ಈ ಮಕ್ಕಳಲ್ಲಿ 21ನೆಯದರ ಇನ್ನೊಂದು ಪ್ರತಿ ಸೇರಿ 47 ಆಗುತ್ತದೆ. ಲ್ಯಾಂಗ್ಡನ್ ಡೌನ್ ಎಂಬ ಇಂಗ್ಲಿಷ್ ವೈದ್ಯ 1866ರಲ್ಲಿ ಇವರ ಲಕ್ಷಣ ಬರೆದಿಟ್ಟ. ಕಾರಣ ತಿಳಿದದ್ದು 1959ರಲ್ಲಿ, ಪ್ಯಾರಿಸ್ಸಿನಲ್ಲಿ. ಏಳೆಂಟು ನೂರು ಹೆರಿಗೆಗೆ ಒಂದರಂತೆ ಎಲ್ಲ ದೇಶ, ಎಲ್ಲ ಜಾತಿಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ. ಗ್ರಹಣ ಕಾಲದಲ್ಲಿ ತಾಯಿ ಹೊರಗೆ ಬಂದದ್ದರಿಂದಲ್ಲ, ಯಾರ ಶಾಪದಿಂದಲೂ ಅಲ್ಲ. ಇಷ್ಟನ್ನು ನನಗೆ ಆಗ ಯಾರಾದರೂ ಬಿಡಿಸಿ ಹೇಳಿದ್ದರೆ ಎಷ್ಟೋ ರಾತ್ರಿಯ ಅಳು ಉಳಿಯುತ್ತಿತ್ತು.

ಪ್ಲೇಗ್ ಹೋಯಿತು, ನಾವು ಸಚಿನ್‌ಗೆ ಮರಳಿದೆವು. ಪುಟ್ಟಿ ತಡವಾಗಿ ಕುಳಿತಳು, ತಡವಾಗಿ ನಡೆದಳು, ಮಾತು ಮಾತ್ರ ಬರಲೇ ಇಲ್ಲ. ಮೂರು ವರ್ಷ ತುಂಬಿದಾಗ, 1997ರಲ್ಲಿ, ಒಬ್ಬ ತಜ್ಞರಲ್ಲಿಗೆ ಕರೆದುಕೊಂಡು ಹೋದೆವು. ಅವರು, ಮನೆಯಲ್ಲಿ ಯಾವ ಭಾಷೆ, ನೆರೆಯಲ್ಲಿ ಯಾವ ಭಾಷೆ ಎಂದು ವಿಚಾರಿಸಿ, “ಒಂದು ಭಾಷೆಯೇ ಕಷ್ಟವಾಗಿರುವ ಮಗುವಿಗೆ ಎರಡರ ಹೊರೆ ಯಾಕೆ? ಶಾಲೆ ಗುಜರಾತಿಯಲ್ಲಿ ಇರುತ್ತದೆ. ಮನೆಯಲ್ಲೂ ಗುಜರಾತಿಯನ್ನೇ ಆಡಿ. ಕನ್ನಡ ಬಿಟ್ಟುಬಿಡಿ” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಕಾಲದಲ್ಲಿ ಇಂಥ ಸಲಹೆಯನ್ನು ಎಷ್ಟೋ ಊರುಗಳಲ್ಲಿ ಕೊಡುತ್ತಿದ್ದರು, ಹೊರದೇಶಗಳಲ್ಲೂ ಕೊಡುತ್ತಿದ್ದರು. ಕೇಳಲು ನ್ಯಾಯವಾಗಿಯೇ ಇತ್ತು. ತಲೆಯ ಮೇಲಿನ ಬುಟ್ಟಿಯ ಭಾರ ಅರ್ಧ ಇಳಿಸಿದಂತೆ.

ಅಂದಿನಿಂದ ನಾವಿಬ್ಬರೂ ಪುಟ್ಟಿಯೊಂದಿಗೆ ಗುಜರಾತಿ ಆಡತೊಡಗಿದೆವು. ಎಂಥ ಗುಜರಾತಿ! ನಮ್ಮ ಮನೆಯವರದು ಮಿಲ್ಲಿನ ಗುಜರಾತಿ, ಅರ್ಧ ಹಿಂದಿ. ನನ್ನದು ತರಕಾರಿ ಗಾಡಿಯ ಗುಜರಾತಿ. ಬದನೆಕಾಯಿಗೆ ಚೌಕಾಸಿ ಮಾಡಬಲ್ಲೆ, ಹಾಲಿನವನ ಲೆಕ್ಕ ಕೇಳಬಲ್ಲೆ. ಕೂಸನ್ನು ಮಲಗಿಸುವಾಗ ಏನು ಅನ್ನಬೇಕು, ಬಿದ್ದು ಅಳುವಾಗ ಏನೆಂದು ರಮಿಸಬೇಕು, ಅದು ನನಗೆ ಬರುತ್ತಿರಲಿಲ್ಲ. ಬಾಯಿಗೆ ಬಂದ ಕನ್ನಡವನ್ನು ನುಂಗಿ, ಗುಜರಾತಿ ಶಬ್ದ ಹುಡುಕುವಷ್ಟರಲ್ಲಿ ಮಗುವಿನ ಅಳು ನಿಂತಿರುತ್ತಿತ್ತು. ಹಾಗಾಗಿ ನಾನು ಆಕೆಯ ಕೂಡ ಮಾತಾಡುವುದೇ ಕಡಿಮೆಯಾಯಿತು. ಇದು ನನ್ನ ಗಮನಕ್ಕೆ ಬಂದದ್ದು ಬಹಳ ತಡವಾಗಿ.

ಮಗನೊಂದಿಗೆ ಕನ್ನಡವೇ ನಡೆದಿತ್ತು. ರಾತ್ರಿ ಊಟಕ್ಕೆ ಕುಳಿತಾಗ ನಾವು ಮೂವರೂ ಕನ್ನಡದಲ್ಲಿ ಮಾತಾಡುತ್ತಿದ್ದೆವು, ನಡುವೆ ಪುಟ್ಟಿಯ ಕಡೆ ತಿರುಗಿ “ಲೇ, ಖಾ” ಎಂದು ಗುಜರಾತಿಯಲ್ಲಿ ತುತ್ತು ಕೊಡುತ್ತಿದ್ದೆವು. ಆಕೆ ಮಾತಾಡುವವರ ಬಾಯಿಂದ ಬಾಯಿಗೆ ಕಣ್ಣು ಹೊರಳಿಸುತ್ತ, ನಾವು ನಕ್ಕಾಗ ತಾನೂ ನಗುತ್ತಿದ್ದಳು. ಮನೆಯ ಮಗು ಮನೆಯಲ್ಲೇ ಅತಿಥಿಯಾಗಿ ಕುಳಿತಿತ್ತು. ರಜೆಗೆ ಧಾರವಾಡಕ್ಕೆ ಹೋದರೆ ಅವ್ವನಿಗೂ ಅದೇ ನಿಯಮ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ಯಾಕವಾ, ನನ್ನ ಮೊಮ್ಮಗಳ ಕೂಡ ಮಾತಾಡಾಕ ನಾ ಈ ವಯಸ್ಸಿನ್ಯಾಗ ಗುಜರಾತಿ ಕಲೀಬೇಕೇನು?” ಎಂದಳು. ಆದರೂ ಡಾಕ್ಟರು ಹೇಳಿದ್ದಾರೆಂದು ಸುಮ್ಮನಾದಳು. ತಿಂಗಳುಗಟ್ಟಲೆ ಅಜ್ಜಿ ಮೊಮ್ಮಗಳು ಒಂದೇ ಹಾಸಿಗೆಯಲ್ಲಿ ಮಲಗಿದರೂ ಮಾತಿಲ್ಲ.

ಶಾಲೆಯ ವಿಷಯ ಹೆಚ್ಚು ಬರೆಯುವುದಿಲ್ಲ. ಆರನೆಯ ವರ್ಷಕ್ಕೆ ಸೂರತ್ತಿನ ಒಂದು ವಿಶೇಷ ಶಾಲೆಗೆ ಹಾಕಿದೆವು. ದಿನಾ ಬೆಳಿಗ್ಗೆ ಭೇಸ್ತಾನ್, ಉಧ್ನಾ ದಾಟಿ ಗಾಡಿಯಲ್ಲಿ ಅವಳ ಕೈ ಹಿಡಿದು ನಿಂತ ಹನ್ನೆರಡು ವರ್ಷ ನನ್ನ ಆಯುಷ್ಯದಲ್ಲಿ ಬೇರೆಯೇ ಒಂದು ಅಧ್ಯಾಯ. ಅಲ್ಲಿಯ ಟೀಚರುಗಳು ಒಳ್ಳೆಯವರು. ಯಾವ ಕೆಲಸವನ್ನಾದರೂ ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಕೊನೆಯ ಹೆಜ್ಜೆಯನ್ನು ಮೊದಲು ಕಲಿಸುವುದನ್ನು ಅವರಿಂದ ತಿಳಿದುಕೊಂಡೆ. ಲಂಗ ನಾವೇ ತೊಡಿಸಿ, ಲಾಡಿಯ ಕೊನೆಯ ಗಂಟು ಮಾತ್ರ ಅವಳು ಎಳೆಯಬೇಕು. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆ. ಪ್ರತಿ ಸಲವೂ ಕೆಲಸ ಮುಗಿಸಿದ ಹಿಗ್ಗು ಮಗುವಿನದೇ ಆಗುತ್ತದೆ. ಎಷ್ಟು ಸರಳ, ಎಷ್ಟು ಬುದ್ಧಿವಂತಿಕೆಯ ಉಪಾಯ! ಪುಟ್ಟಿಗೆ ಗುಜರಾತಿಯಲ್ಲಿ ನೂರು, ನೂರೈವತ್ತು ಶಬ್ದ ಬಂದವು. ನನ್ನನ್ನು “ಮಮ್ಮಿ” ಎನ್ನುತ್ತಿದ್ದಳು.

2003ರಲ್ಲಿ ಅಪ್ಪ ತೀರಿಕೊಂಡರು. ಆ ಚಳಿಗಾಲದಲ್ಲಿ ಅವ್ವನನ್ನು ಎರಡು ತಿಂಗಳ ಮಟ್ಟಿಗೆ ಸಚಿನ್‌ಗೆ ಕರೆತಂದೆವು. ಒಂದು ಸಂಜೆ ನಮ್ಮ ಮನೆಯವರು ಸೂರತ್ತಿನಿಂದ ಪೊಂಕ್ ತಂದರು. ಕಾಗದದ ಪೊಟ್ಟಣ ಬಿಚ್ಚಿದ್ದೇ ತಡ, ಅಡಿಗೆಮನೆಯಿಂದ ಅವ್ವ, “ಅಯ್ಯ! ಇದು ನಮ್ಮ ಸೀತನಿ ಅಲ್ಲೇನು!” ಎಂದು ಕೂಗಿದಳು. ಅಪ್ಪ ಹೋದಮೇಲೆ ಅಷ್ಟು ದೊಡ್ಡ ದನಿ ನಾನು ಕೇಳಿರಲಿಲ್ಲ. ಪುಟ್ಟಿ, ಆಗ ಒಂಬತ್ತು ತುಂಬಿತ್ತು, ಒಂದು ಕಾಳು ಎತ್ತಿ ಹಿಡಿದು, “ಪೊಂಕ್” ಎಂದಳು, ಅಜ್ಜಿಗೆ ಪಾಠ ಹೇಳುವಂತೆ. ಅವ್ವ ಅದೇ ಕಾಳು ತೋರಿಸಿ “ಸೀತನಿ” ಎಂದಳು. “ಪೊಂಕ್.” “ಸೀತನಿ.” ಇಬ್ಬರೂ ಬಿಡಲೊಲ್ಲರು. ನಮಗೆ ನಗು.

ಮರುದಿನ ಬೆಳಿಗ್ಗೆ ನಡೆದದ್ದನ್ನು ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಪುಟ್ಟಿ ಡಬ್ಬಿ ಹಿಡಿದುಕೊಂಡು ಅಪ್ಪನ ಬಳಿ ಹೋಗಿ “ಪಪ್ಪಾ, ಪೊಂಕ್” ಎಂದು ಒಂದು ಹಿಡಿ ಕೊಟ್ಟಳು. ಅಲ್ಲಿಂದ ಅಜ್ಜಿಯ ಬಳಿ ಬಂದು, ಸ್ವಲ್ಪ ತಡೆದು, ನಾಲಿಗೆ ತಿರುಗಿಸಿ, “ಅಜ್ಜಿ, ಸಿತಿನಿ” ಎಂದು ಇನ್ನೊಂದು ಹಿಡಿ ಕೊಟ್ಟಳು. ಒಂದೇ ಡಬ್ಬಿ, ಒಂದೇ ಕಾಳು. ಯಾರಿಗೆ ಯಾವ ಹೆಸರು ಎಂಬುದು ಅವಳಿಗೆ ಗೊತ್ತಿತ್ತು. ಆರು ವರ್ಷ ನಾವು ಅವಳ ತಲೆಯಿಂದ ಇಳಿಸಿದ್ದೇವೆ ಎಂದುಕೊಂಡಿದ್ದ ಹೊರೆಯನ್ನು ಅವಳು ಎರಡು ಮುಷ್ಟಿಯಲ್ಲಿ ಹಗುರವಾಗಿ ಹಿಡಿದುಕೊಂಡು ನಿಂತಿದ್ದಳು.

ಅವ್ವ ಆಮೇಲೆ ನನ್ನ ಮಾತು ಕೇಳಲಿಲ್ಲ. ಕನ್ನಡವನ್ನೇ ಆಡಿದಳು. ಎರಡು ತಿಂಗಳು ಕಳೆಯುವಷ್ಟರಲ್ಲಿ ಪುಟ್ಟಿ ಅಡಿಗೆಮನೆಯ ಬಾಗಿಲಲ್ಲಿ ನಿಂತು “ಅಜ್ಜಿ, ಜಮವಾ ಬಾ” ಎಂದು ಕರೆಯತೊಡಗಿದಳು. ಊಟಕ್ಕೆ ಎಂಬುದು ಗುಜರಾತಿ, ಬಾ ಎಂಬುದು ಕನ್ನಡ. ವ್ಯಾಕರಣ ಬಲ್ಲವರು ಏನಾದರೂ ಅನ್ನಲಿ, ಅಜ್ಜಿ ಎದ್ದು ಊಟಕ್ಕೆ ಬರುತ್ತಿದ್ದಳು.

ಆದರೂ ನನಗೆ ಧೈರ್ಯವಿರಲಿಲ್ಲ. ಮುದುಕಿಯ ಪ್ರೀತಿಗಿಂತ ತಜ್ಞರ ಮಾತು ದೊಡ್ಡದು ಎಂದು ನಂಬಿ ಬೆಳೆದವರು ನಾವು. 2006ರ ಮೇ ರಜೆಯಲ್ಲಿ ಮೈಸೂರಿಗೆ ಹೋಗಿ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅವಳನ್ನು ತೋರಿಸಿದೆವು. ಮೊದಲು ಕಿವಿಯ ಪರೀಕ್ಷೆ ಮಾಡಿದರು. ಈ ಮಕ್ಕಳಲ್ಲಿ ನಡುಗಿವಿಯಲ್ಲಿ ನೀರು ತುಂಬಿಕೊಂಡು ಕೇಳಿಸುವುದು ಮಂದವಾಗುವುದು ಬಹಳ ಸಾಮಾನ್ಯವಂತೆ, ಪುಟ್ಟಿಗೂ ಹಾಗೆಯೇ ಆಗಿತ್ತು. ಅಲ್ಲಿಯ ಚಿಕ್ಕ ವಯಸ್ಸಿನ ವಾಕ್ ಚಿಕಿತ್ಸಕಿಯೊಬ್ಬರು, “ನಿಮ್ಮ ಗುಜರಾತಿ ಹೇಗಿದೆ ಅಮ್ಮ?” ಎಂದು ನನ್ನನ್ನೇ ಕೇಳಿದರು. ನಾನು ತಲೆ ತಗ್ಗಿಸಿದೆ. “ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಮಗಳ ಜೊತೆ ಮಾತಾಡಿ. ಶಾಲೆಯ ಭಾಷೆ ಶಾಲೆಯಲ್ಲಿ ಇರಲಿ. ಎರಡರಿಂದ ಅವಳಿಗೆ ಕೆಡಕಾಗುವುದಿಲ್ಲ, ಮಾತೇ ಕಡಿಮೆಯಾದರೆ ಕೆಡಕು” ಎಂದರು. ಹೊರಗೆ ಬಂದು ಮರದ ಕೆಳಗೆ ಕುಳಿತು ಅತ್ತೆ. ಹುಬ್ಬಳ್ಳಿಯಲ್ಲಿ ಅತ್ತದ್ದಕ್ಕಿಂತ ಹೆಚ್ಚು ಅತ್ತೆ.

ನಂತರ ಬೆಂಗಳೂರಿನಲ್ಲಿ ಓದುತ್ತಿದ್ದ ಮಗ ಹುಡುಕಿ ಓದಿ ಹೇಳಿದ. ಕೆನಡಾದಲ್ಲಿ ಎಲಿಜಬೆತ್ ಕೇ-ರೇನಿಂಗ್ ಬರ್ಡ್ ಎಂಬ ವಿದುಷಿ ಮತ್ತು ಸಂಗಡಿಗರು 2005ರಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದ್ದರು. ಎರಡು ಭಾಷೆಯ ಮನೆಗಳಲ್ಲಿ ಬೆಳೆದ ಡೌನ್ ಸಿಂಡ್ರೋಮಿನ ಮಕ್ಕಳನ್ನೂ, ಒಂದೇ ಭಾಷೆಯಲ್ಲಿ ಬೆಳೆದ ಅಂಥದೇ ಮಕ್ಕಳನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಇಂಗ್ಲಿಷಿನಲ್ಲಿ ಮೊದಲನೆಯವರು ಹಿಂದೆ ಬಿದ್ದಿರಲಿಲ್ಲ. ಎರಡನೆಯ ಭಾಷೆ ಕೆಲವರಿಗೆ ಚೆನ್ನಾಗಿ, ಕೆಲವರಿಗೆ ಅಷ್ಟಕ್ಕಷ್ಟೆ ಬಂದಿತ್ತು. ನೋಡಿದ ಮಕ್ಕಳ ಸಂಖ್ಯೆ ಚಿಕ್ಕದು ಎಂದು ಮಗ ಹೇಳಲು ಮರೆಯಲಿಲ್ಲ, ಅವನ ಸ್ವಭಾವವೇ ಹಾಗೆ. ನಮ್ಮ ದೇಶದಲ್ಲಿ ಓಣಿಗೊಂದು ಭಾಷೆ, ಅಡಿಗೆಮನೆಗೊಂದು ಭಾಷೆ. ಈ ಪ್ರಶ್ನೆ ಇಲ್ಲಿಯೇ ಮೊದಲು ಏಳಬೇಕಿತ್ತಲ್ಲ ಎಂದು ನನಗೆ ಅನ್ನಿಸಿತು.

ಕನ್ನಡ ಮರಳಿ ತರುವ ಕೆಲಸ ಸುಲಭವಾಗಲಿಲ್ಲ. ಹನ್ನೆರಡು ವರ್ಷದ ಹುಡುಗಿ. “ಮಮ್ಮಿ” ಎಂದವಳು “ಅವ್ವಾ” ಎನ್ನಲು ಒಂದು ವರ್ಷ ಹಿಡಿಯಿತು. ಈ ಮಕ್ಕಳಿಗೆ ಕಿವಿಯಿಂದ ಕೇಳಿದ್ದಕ್ಕಿಂತ ಕಣ್ಣಿಂದ ಕಂಡದ್ದು ಚೆನ್ನಾಗಿ ನೆನಪಿರುತ್ತದೆ ಎಂದು ಮೈಸೂರಿನಲ್ಲಿ ಹೇಳಿದ್ದರು. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಸೂ ಬಕ್ಲಿ ಎಂಬ ಮನಶ್ಶಾಸ್ತ್ರಜ್ಞೆ 1980ರ ಸುಮಾರಿಗೆ ಈ ಸಂಶೋಧನೆಗೆ ಕೈಹಾಕಿದ್ದಕ್ಕೆ ಕಾರಣ ಒಬ್ಬ ತಂದೆಯ ಪತ್ರ. ಲೆಸ್ಲಿ ಡಫೆನ್ ಎಂಬಾತ ತನ್ನ ಮಗಳು ಸಾರಾ ಮೂರನೆಯ ವರ್ಷದಿಂದಲೇ ಓದಲು ಕಲಿತಳೆಂದೂ, ಓದಿನ ಮೂಲಕವೇ ಅವಳಿಗೆ ಮಾತು ಬಂದಿತೆಂದೂ ಬರೆದಿದ್ದ. ಮಾತು ಬಂದ ಮೇಲೆ ಓದು ಎಂದು ನಾವು ತಿಳಿದಿರುವುದಕ್ಕೆ ಇದು ತಿರುಗುಮುರುಗು.

ನಾನೂ ಹಾಗೆಯೇ ಮಾಡಿದೆ. ಅ ಆ ಇ ಈ ಬಿಟ್ಟೆ. ಕನ್ನಡದ ಅಕ್ಷರ, ಕಾಗುಣಿತ, ಒತ್ತು ಎಲ್ಲ ಕೈವಶವಾಗಲು ಸಾಮಾನ್ಯ ಮಕ್ಕಳಿಗೇ ನಾಲ್ಕನೆಯ ಇಯತ್ತೆಯವರೆಗೂ ಹಿಡಿಯುತ್ತದೆ ಎಂದು ಬೆಂಗಳೂರಿನ ಸೊನಾಲಿ ನಾಗ್ ಅವರ 2007ರ ಅಧ್ಯಯನ ಹೇಳುತ್ತದೆ. ಹಾಗಿರುವಾಗ ಪುಟ್ಟಿಯನ್ನು ‘ಳ’ಕ್ಕೂ ‘ಕ್ಷ’ಕ್ಕೂ ಕಟ್ಟಿಹಾಕುವುದರಲ್ಲಿ ಅರ್ಥವಿರಲಿಲ್ಲ. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ದಪ್ಪ ಸ್ಕೆಚ್ ಪೆನ್ನಿನಿಂದ ಇಡೀ ಶಬ್ದ ಬರೆದು ವಸ್ತುಗಳಿಗೇ ಅಂಟಿಸಿದೆ. ಬಾಗಿಲು, ಹಾಲು, ಕನ್ನಡಿ, ಚಪ್ಪಲಿ. ಅಜ್ಜಿ, ಮಾಮಾ, ಮಾಮಿ, ಅಣ್ಣ ಎಂದು ಫೋಟೋಗಳ ಕೆಳಗೆ. ಗ್ಯಾಸಿನವನು ಬಂದಾಗ ಸಿಲಿಂಡರ್ ಮೇಲೆ ಇದೇನು ಬರೆದಿದ್ದೀರಿ ಬೆಹನ್ ಎಂದು ಕೇಳಿದ. ಚೀಟಿ ತೋರಿಸುವುದು, ಹೇಳುವುದು, ಆಮೇಲೆ ಕಾಯುವುದು. ಕಾಯುವುದೇ ಬಲು ಕಷ್ಟದ ಕೆಲಸ. ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ನಮ್ಮ ಮನೆಯವರಿಗೆ ಅದು ಇಂದಿಗೂ ಬಂದಿಲ್ಲ, ಅವಳ ಉತ್ತರವನ್ನು ತಾವೇ ಹೇಳಿಬಿಡುತ್ತಾರೆ.

ದೊಡ್ಡ ಪವಾಡ ನಡೆಯಿತೆಂದು ಯಾರೂ ತಿಳಿಯಬಾರದು. ಇವತ್ತಿಗೆ ಅವಳು ಓದುವ ಕನ್ನಡ ಶಬ್ದಗಳು ಅರವತ್ತರ ಆಸುಪಾಸು. ಉಚ್ಚಾರ ಅಸ್ಪಷ್ಟ, ಹೊಸಬರಿಗೆ ಅರ್ಧ ತಿಳಿಯುವುದಿಲ್ಲ. ಚಿಲ್ಲರೆ ಲೆಕ್ಕ ಬರುವುದಿಲ್ಲ. ಆದರೆ ಪ್ರತಿ ರವಿವಾರ ಸಂಜೆ ಧಾರವಾಡದಿಂದ ಫೋನ್ ಬಂದರೆ ಮೊದಲು ಓಡುವವಳು ಅವಳೇ. “ಉಂಡೇನು?” “ಉಂಡೆ ಅಜ್ಜಿ.” “ಏನು ಉಂಡಿ?” ಹಾಗೆ ಅಜ್ಜಿ ಮೊಮ್ಮಗಳ ಮಾತು 2013ರಲ್ಲಿ ಅವ್ವ ತೀರಿಕೊಳ್ಳುವವರೆಗೆ ನಡೆಯಿತು. ಕಳೆದುಹೋದ ಮೊದಲಿನ ಆರು ವರ್ಷಗಳನ್ನು ನಾನು ಯಾರ ಖಾತೆಗೆ ಬರೆಯಲಿ?

2012ರಲ್ಲಿ ಪುಟ್ಟಿಗೆ ಹದಿನೆಂಟು ತುಂಬಿತು. ಈ ಮಾಹಿತಿ ಬೇಕಾದವರು ನಮ್ಮ ಸದಸ್ಯರಲ್ಲೂ ಇರಬಹುದೆಂದು ಬರೆಯುತ್ತೇನೆ. ಹದಿನೆಂಟಾದ ಮೇಲೆ ಕಾನೂನಿನ ಕಣ್ಣಿನಲ್ಲಿ ತಂದೆತಾಯಿ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಸೆರಿಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಕಲೆಕ್ಟರ್ ದರ್ಜೆಯ ಅಧಿಕಾರಿ, ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಅಂಗವೈಕಲ್ಯವಿರುವ ಒಬ್ಬರು ಆ ಸಮಿತಿಯಲ್ಲಿ ಇರುತ್ತಾರೆ. ನಾವು ಹೋದಾಗ ಅಧಿಕಾರಿಯೊಬ್ಬರು ಪುಟ್ಟಿಯನ್ನೇ, “ತಾರುಂ ನಾಮ್ ಶುಂ ಛೇ?” ಎಂದು ಹೆಸರು ಕೇಳಿದರು. ಅವಳು ಗುಜರಾತಿಯಲ್ಲಿ ಹೆಸರು ಹೇಳಿದಳು, ಊರು ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, “ಅವ್ವಾ, ಮನಿಗೆ ಹೋಗೂಣು” ಎಂದಳು. ಅಧಿಕಾರಿ ಏನೆಂದಳು ಎಂದು ಕೇಳಿದರು. ಹೇಳಿದೆ. ನಕ್ಕು ಸಹಿ ಮಾಡಿದರು.

ಆ ಕಾಗದ ಬಂದ ದಿನದಿಂದ ಇನ್ನೊಂದು ಪ್ರಶ್ನೆ ಎದ್ದು ಕುಳಿತಿದೆ. ಒಂದು ಕಾಲಕ್ಕೆ ಇಂಥವರು ಇಪ್ಪತ್ತೈದು ದಾಟುವುದೇ ದೊಡ್ಡದಾಗಿತ್ತು. ಈಗ ಹೃದಯದ ಶಸ್ತ್ರಕ್ರಿಯೆ, ಥೈರಾಯಿಡ್ ಔಷಧಿ ಎಲ್ಲ ಬಂದು, ಒಳ್ಳೆಯ ಆರೈಕೆ ಸಿಗುವ ದೇಶಗಳಲ್ಲಿ ಅರವತ್ತರ ಹತ್ತಿರ ಬದುಕುತ್ತಾರೆ. ಪುಟ್ಟಿಗೆ ಮೂವತ್ತು ದಾಟಿದೆ. ನಮ್ಮ ಮನೆಯವರಿಗೆ ಎರಡು ಸ್ಟೆಂಟ್ ಕೂತಿವೆ. ನಮ್ಮ ನಂತರ ಯಾರು? ಇಂಥ ಮಕ್ಕಳಿರುವ ಯಾವ ಮನೆಯಲ್ಲೂ ಈ ಮಾತನ್ನು ಬಾಯಿ ಬಿಟ್ಟು ಆಡುವುದಿಲ್ಲ, ಆದರೆ ಗೋಡೆ ಗಡಿಯಾರದ ಸದ್ದಿನಂತೆ ಅದು ಸದಾ ಇರುತ್ತದೆ. ಮಗ ನಾನಿದ್ದೇನೆ ಎನ್ನುತ್ತಾನೆ. ಅವನದು ತಿರುಗಾಟದ ನೌಕರಿ. ಧಾರವಾಡದ ನನ್ನ ತಮ್ಮ ಮತ್ತು ಅವನ ಹೆಂಡತಿ ಮಾತ್ರ, ಕೇಳದೆಯೇ, “ಅಕ್ಕಾ, ಅವ್ವನ ಖೋಲಿ ಖಾಲೀನ ಐತಿ” ಎಂದಿದ್ದಾರೆ. ಆ ಮನೆಯಲ್ಲಿ ಗುಜರಾತಿ ಯಾರಿಗೂ ಬರುವುದಿಲ್ಲ. ಅವ್ವ ಅಂದು ಪೊಂಕಿಗೆ ಸೀತನಿ ಎಂದು ಹಟ ಹಿಡಿಯದಿದ್ದರೆ, ನನ್ನ ಮಗಳು ನನ್ನ ಕಾಲಾನಂತರ ಒಂದು ಮೂಕಮನೆಗೆ ಹೋಗಬೇಕಿತ್ತು.

ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಕೋಸಂಬರಿ ಹಂಚುವ ಹುಡುಗಿಯನ್ನು ನೀವು ನೋಡಿರಬೇಕು. ತಟ್ಟೆ ಕೊಟ್ಟು “ತೊಗೋರಿ” ಎಂದು ಎದುರಿಗೇ ನಿಲ್ಲುತ್ತಾಳೆ. ನೀವು ಏನಾದರೂ ಅನ್ನುವವರೆಗೆ ಕದಲುವುದಿಲ್ಲ. ದಯವಿಟ್ಟು “ಕೇಮ್ ಛೇ ಬೇಟಾ” ಎನ್ನಬೇಡಿ, ಕನ್ನಡದಲ್ಲೇ ಮಾತಾಡಿಸಿ, ಹತ್ತು ಎಣಿಸಿ. ಇಂಥ ಮಕ್ಕಳು ಇನ್ನೂ ಒಂದೆರಡು ಮನೆಗಳಲ್ಲಿ ಇದ್ದಾರೆಂದು ಬಲ್ಲೆ. ಕಾರ್ಯಕ್ರಮದ ದಿನ ಅವರನ್ನು ನೆರೆಮನೆಯಲ್ಲಿ ಬಿಟ್ಟು ಬರುತ್ತೀರಿ. ನಾನೂ ಎಷ್ಟೋ ವರ್ಷ ಹಾಗೆಯೇ ಮಾಡಿದ್ದೆ. ಕರೆದುಕೊಂಡು ಬನ್ನಿ, ಪುಟ್ಟಿಯ ಪಕ್ಕದಲ್ಲಿ ಜಾಗವಿದೆ.

ಬರುವ ಜನವರಿಯಲ್ಲಿ ಅವಳು ಒಂದು ತಿಂಗಳು ಮಾಮಾನ ಮನೆಯಲ್ಲಿ ಇರಲಿದ್ದಾಳೆ, ಮೊದಲ ಸಲ ನಾವಿಲ್ಲದೆ. ಅಣ್ಣ ಕರೆದುಕೊಂಡು ಹೋಗಿ ಬಿಟ್ಟು ಬರುತ್ತಾನೆ. ಮಾಮಿ ಆಗಲೇ ತಮ್ಮ ಮನೆಯ ಬಾಗಿಲಿಗೆ, ಬಚ್ಚಲಿಗೆ, ದೇವರ ಮನೆಗೆ ಚೀಟಿ ಅಂಟಿಸಿ ಫೋಟೋ ಕಳಿಸಿದ್ದಾಳೆ. ಬ್ಯಾಗು ತುಂಬುವಾಗ ನಾನು ಸುಮ್ಮನೆ, ನಾನೂ ಬರಲೇನು ಎಂದು ಕೇಳಿದೆ. ಮಡಿಸುತ್ತಿದ್ದ ಟವಲ್ ಕೆಳಗಿಟ್ಟು, ಶಬ್ದ ಹುಡುಕಿ ಹುಡುಕಿ, “ಅವ್ವಾ, ನೀ ಬರಬ್ಯಾಡ. ನಾ ಹೋಗ್ತೀನಿ. ಮಾಮಿಗೆ ಸೀತನಿ ಕೊಡ್ತೀನಿ” ಎಂದಳು.

ಪೊಂಕ್ ಎರಡು ದಿನಕ್ಕಿಂತ ಹೆಚ್ಚು ತಾಳುವುದಿಲ್ಲ. ಹೊರಡುವ ದಿನ ಬೆಳಿಗ್ಗೆಯೇ ಸೂರತ್ತಿಗೆ ಹೋಗಿ ತರಬೇಕು.